ಒಂದು ಡ್ರಿಪ್ಪಿಗೆ ಮೈನೋವು ಹೋಗುತ್ತದೆಯೇ?

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯದ್ದು: ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆ, ಅದಕ್ಕೆ ಹಾಕುವ ಡ್ರಿಪ್. ಶಿರಸಿಯಿಂದ ಒಂದು, ಕಾರವಾರದಿಂದ ಒಂದು, ಅಂಕೋಲಾದಿಂದ ಒಂದು, ನಮ್ಮ ಕುಮಟಾದಿಂದಲೇ ಒಂದು. ಮಂಡಿನೋವು, ಸಕ್ಕರೆ ಕಾಯಿಲೆಯ ಕಾಗದಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಓದುಗರಿಗೆ ಒಂದು ಮಾತು: ನಾನು 31 ವರ್ಷ ಅರಿವಳಿಕೆ ಡಾಕ್ಟರಾಗಿ ಕೆಲಸ ಮಾಡಿದವಳು. ಜನರ ಬಾಯಲ್ಲಿ 'ಮತ್ತು ಕೊಡುವ ಡಾಕ್ಟರಮ್ಮ'. ಕೊನೆಯ 11 ವರ್ಷ ವಾರಕ್ಕೆ ಎರಡು ದಿನ ನೋವಿನ ರೋಗಿಗಳನ್ನೇ ನೋಡಿದೆ. ಹಾಗಾಗಿ ಈ ಪ್ರಶ್ನೆಗಳು ನನ್ನ ಅಂಗಳಕ್ಕೇ ಬಂದು ಬಿದ್ದಿವೆ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 44 ವರ್ಷ. ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ಆರು ವರ್ಷದಿಂದ ಮೈಯೆಲ್ಲ ನೋವು. ಕುತ್ತಿಗೆ, ಹೆಗಲು, ಸೊಂಟ, ತೊಡೆ, ಇಂಥದೇ ಜಾಗ ಅಂತ ಇಲ್ಲ. ಬೆಳಿಗ್ಗೆ ಏಳುವಾಗ ಒನಕೆಯಲ್ಲಿ ಕುಟ್ಟಿದ ಹಾಗಿರುತ್ತದೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಅರ್ಧ ಗಂಟೆ ಕೂತರೆ ಮರುದಿನ ಕೈ ಎತ್ತಲು ಆಗುವುದಿಲ್ಲ. ಸೆರಗಿಗೆ ಪಿನ್ ಹಾಕಿದರೆ ಹೆಗಲಿನ ಆ ಜಾಗ ಸಂಜೆವರೆಗೂ ನೋಯುತ್ತದೆ. ರಕ್ತ ಪರೀಕ್ಷೆ, ಎಕ್ಸ್‌ರೇ, ಎಂಆರ್‌ಐ ಎಲ್ಲ ನಾರ್ಮಲ್. ಹುಬ್ಬಳ್ಳಿಯ ಡಾಕ್ಟರು ಫೈಬ್ರೊಮಯಾಲ್ಜಿಯಾ ಎಂದರು. ಪ್ರೀಗ್ಯಾಬಲಿನ್ ಎಂಬ ನೋವಿನ ಮಾತ್ರೆ ಕೊಟ್ಟರು. ಕಾಲು ಊದಿಕೊಂಡಿತು, ಹಗಲೆಲ್ಲ ತೂಕಡಿಕೆ, ಅದಕ್ಕೆ ನಾನೇ ಬಿಟ್ಟೆ. ಈಗ ನಾದಿನಿ ಹೇಳುತ್ತಾಳೆ, ದೊಡ್ಡ ಊರಿನ ಒಂದು ಕಡೆ ಲಿಗ್ನೋಕೇನ್ ಡ್ರಿಪ್ ಹಾಕುತ್ತಾರೆ, ನೋವು ಬುಡಸಮೇತ ಹೋಗುತ್ತದೆ ಎಂದು. ಹತ್ತು ಡ್ರಿಪ್ಪಿನ ಪ್ಯಾಕೇಜ್, ಮುಂಗಡ ಕಟ್ಟಿದರೆ ರಿಯಾಯಿತಿ ಅಂತೆ. ಈ ಸಲದ ಅಡಿಕೆ ದುಡ್ಡಿನಲ್ಲಿ ಹಾಕಿಸಿಕೊಳ್ಳಲೇ? ಹಲ್ಲು ಕೀಳುವಾಗ ಕೊಡುವ ಇಂಜೆಕ್ಷನ್ ಅದೇ ಅಲ್ವಾ?

ಉತ್ತರ: ತಂಗೀ, ಮುಂಗಡ ಕಟ್ಟಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಓದಿಕೊಳ್ಳಿ.

ನಿಮ್ಮ ಕಾಗದದಲ್ಲಿ ನನ್ನ ಕಣ್ಣು ನಿಂತದ್ದು ಸೆರಗಿನ ಪಿನ್ನಿನ ಮೇಲೆ. ಎಂಆರ್‌ಐ ಹೇಳದ್ದನ್ನು ಆ ಪಿನ್ ಹೇಳುತ್ತದೆ. ಚರ್ಮಕ್ಕೆ ಚುಚ್ಚದೆ ಸುಮ್ನೆ ಬಟ್ಟೆ ಹಿಡಿದು ಕೂತ ಪಿನ್ ಅದು. ಬೇರೆಯವರಿಗೆ ಅದು ಇದೆಯೆಂಬುದೇ ಮರೆತುಹೋಗಿರುತ್ತದೆ. ನಿಮಗೆ ಸಂಜೆವರೆಗೂ ನೋವು. ಹಾಗೆಂದರೆ ಹೆಗಲಲ್ಲಿ ಗಾಯವಿಲ್ಲ, ಹೆಗಲಿನಿಂದ ಬರುವ ಸುದ್ದಿಯನ್ನು ಕೇಳಿಸಿಕೊಳ್ಳುವ ಕಡೆ ಎಡವಟ್ಟಾಗಿದೆ. ಬೆನ್ನುಹುರಿ ಮತ್ತು ಮೆದುಳು ಸಣ್ಣ ಸುದ್ದಿಯನ್ನೂ ದೊಡ್ಡ ಅಪಾಯ ಎಂದು ಓದುತ್ತಿವೆ.

ತೋಟಕ್ಕೆ ಮಂಗ ಬರುತ್ತದೆಂದು ನಾಯಿ ಕಟ್ಟುತ್ತೀರಲ್ಲ, ಮೊದಮೊದಲು ಅದು ಮಂಗ ಕಂಡರೆ ಮಾತ್ರ ಬೊಗಳುತ್ತದೆ. ಕೆಲವು ನಾಯಿಗಳು ಬರಬರುತ್ತಾ ಹಾಳೆ ಬಿದ್ದರೂ ಬೊಗಳುತ್ತವೆ, ಗಾಳಿಗೆ ಸೋಗೆ ಅಲುಗಿದರೂ ಬೊಗಳುತ್ತವೆ. ರಾತ್ರಿ ಮನೆಯವರಿಗೆ ನಿದ್ದೆ ಇಲ್ಲ. ಬೆಳಿಗ್ಗೆ ತೋಟಕ್ಕೆ ಹೋಗಿ ನೋಡಿದರೆ ಒಂದು ಸಿಂಗಾರವೂ (ಅಡಿಕೆ ಹೂಗೊನೆ) ಹಾಳಾಗಿರುವುದಿಲ್ಲ. ನಿಮ್ಮ ಎಕ್ಸ್‌ರೇ ನಾರ್ಮಲ್ ಬಂದದ್ದು ಹೀಗೆ. ನಾಯಿ ಬೊಗಳಿದ್ದು ಮಾತ್ರ ಸುಳ್ಳಲ್ಲ.

ಇನ್ನು ಲಿಗ್ನೋಕೇನ್. ಹೌದು, ಹಲ್ಲಿನ ಡಾಕ್ಟರು ಕೊಡುವುದು ಇದೇ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಎಂಬ ರಸಾಯನ ವಿಜ್ಞಾನಿ ತಯಾರಿಸಿದ್ದು. ಝೈಲೋಕೇನ್ ಎಂಬ ಹೆಸರಿನಲ್ಲಿ ನಮ್ಮೂರ ಮೆಡಿಕಲ್ ಶಾಪ್‌ನವರಿಗೂ ಗೊತ್ತು. ನರದಲ್ಲಿ ಸುದ್ದಿ ಓಡಬೇಕಾದರೆ ಸೋಡಿಯಂ ಒಳನುಗ್ಗುವ ಸಣ್ಣ ಬಾಗಿಲುಗಳು ತೆರೆಯಬೇಕು. ಈ ಔಷಧ ಆ ಬಾಗಿಲುಗಳನ್ನು ಮುಚ್ಚುತ್ತದೆ. ವಸಡಿಗೆ ಚುಚ್ಚಿದರೆ ಆ ಜಾಗ ಪೂರ್ತಿ ಜೋಮು. ರಕ್ತನಾಳದಲ್ಲಿ ನಿಧಾನಕ್ಕೆ ಬಿಟ್ಟರೆ ಕತೆ ಬೇರೆ. ಮೈ ಜೋಮು ಹಿಡಿಯುವುದಿಲ್ಲ, ಪ್ರಜ್ಞೆಯೂ ತಪ್ಪುವುದಿಲ್ಲ. ಸುಮ್ಮಸುಮ್ಮನೆ ಕೆರಳುತ್ತಿರುವ ನರಗಳು ಸ್ವಲ್ಪ ತಣ್ಣಗಾಗುತ್ತವೆ, ಅಷ್ಟೇ. ನಾವು ಹೊಸದಾಗಿ ಕೆಲಸಕ್ಕೆ ಸೇರಿದಾಗ ಇದೇ ಔಷಧವನ್ನು ಐಸಿಯುನಲ್ಲಿ ಹೃದಯದ ತಾಳ ತಪ್ಪಿದವರಿಗೆ ಕೊಡುತ್ತಿದ್ದೆವು. ಹೃದಯದ ತಾಳ ಸರಿಮಾಡಬಲ್ಲ ಔಷಧಕ್ಕೆ ಅದನ್ನು ಕೆಡಿಸಲೂ ಗೊತ್ತು. ಇದನ್ನು ನೆನಪಿಡಿ.

ಡ್ರಿಪ್ಪಿನ ದಿನ ಹೀಗಿರುತ್ತದೆ. ಮೊದಲೇ ಇಸಿಜಿ ತೆಗೆದಿರಬೇಕು. ಬೆಳಿಗ್ಗೆ ಖಾಲಿ ಹೊಟ್ಟೆ. ತೂಕ ನೋಡುತ್ತೇವೆ, ಏಕೆಂದರೆ ಔಷಧದ ಲೆಕ್ಕ ಕಿಲೋ ಮೇಲೆ. ಸಾಮಾನ್ಯವಾಗಿ ಕಿಲೋಗೆ 3ರಿಂದ 5 ಮಿಲಿಗ್ರಾಂ, ಸುಮಾರು ಒಂದು ಗಂಟೆಯ ಅವಧಿಯಲ್ಲಿ. ನಿಮ್ಮ ತೂಕ 60 ಕಿಲೋ ಅಂತಿಟ್ಟುಕೊಳ್ಳಿ, 180ರಿಂದ 300 ಮಿಲಿಗ್ರಾಂ ಆಯಿತು. 2 ಪರ್ಸೆಂಟಿನ 30 ಎಂಎಲ್ ಬಾಟಲಿಯಲ್ಲಿ 600 ಮಿಲಿಗ್ರಾಂ ಇರುತ್ತದೆ. ಕೈ ಸ್ವಲ್ಪ ತಪ್ಪಿದರೆ ದುಪ್ಪಟ್ಟು ಹೋಗಲು ಎಷ್ಟು ಹೊತ್ತು ಬೇಕು ಹೇಳಿ. ಜೊತೆಗೆ ಅಡ್ರಿನಲಿನ್ ಬೆರೆಸಿದ ಲಿಗ್ನೋಕೇನ್ ಬಾಟಲಿಯೂ ಅದೇ ಕಪಾಟಿನಲ್ಲಿ ಇರುತ್ತದೆ. ಅದನ್ನು ಅಪ್ಪಿತಪ್ಪಿಯೂ ರಕ್ತನಾಳಕ್ಕೆ ಕೊಡುವ ಹಾಗಿಲ್ಲ. ಡ್ರಿಪ್ಪಿಗೆ ಬೇಕಾದದ್ದು ಪ್ರಿಸರ್ವೇಟಿವ್ ಇಲ್ಲದ, ರಕ್ತನಾಳಕ್ಕೆಂದೇ ತಯಾರಾದ ಬಾಟಲಿ. ನಾನು ಲೇಬಲ್ಲನ್ನು ಗಟ್ಟಿಯಾಗಿ ಓದಿ, ಸಿಸ್ಟರ್ ಹತ್ತಿರವೂ ಓದಿಸಿ, ಆಮೇಲೆ ಔಷಧ ಎಳೆಯುತ್ತಿದ್ದೆ. ಹುಡುಗಿಯರು ಹಿಂದಿನಿಂದ ನಗುತ್ತಿದ್ದರು. ನಗಲಿ.

ಎದೆಗೆ ಇಸಿಜಿ ತಂತಿ, ಬೆರಳಿಗೆ ಆಕ್ಸಿಜನ್ ಕ್ಲಿಪ್, ತೋಳಿಗೆ ಬಿಪಿ ಪಟ್ಟಿ. ಔಷಧ ಹೋಗುವುದು ಪಂಪಿನಲ್ಲಿ, ಕೈಯಿಂದ ಹನಿ ಎಣಿಸಿ ಬಿಡುವ ಕೆಲಸ ಇದಲ್ಲ. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಮಾತಾಡುತ್ತಾ ಕೂರುತ್ತಿದ್ದೆ. ಹರಟೆಯ ಚಟ ಇದೆ ನಿಜ, ಆದರೆ ಅದಕ್ಕಲ್ಲ. ಔಷಧ ಜಾಸ್ತಿ ಆದರೆ ಮೊದಲು ತಿಳಿಯುವುದು ಮಾತಿನಲ್ಲಿ. ಒಮ್ಮೆ ಹೊನ್ನಾವರದ ಕಡೆಯ ಒಬ್ಬರು ಮೊಮ್ಮಗನ ನಾಮಕರಣದ ಸುದ್ದಿ ಹೇಳುತ್ತಿದ್ದವರು ನಡುವೆ ನಿಲ್ಲಿಸಿ, "ಅಮ್ಮಾ, ತಾಮ್ರದ ಚೊಂಬು ನೆಕ್ಕಿದ ಹಾಗಾಗ್ತದೆ" ಎಂದರು. ಆಮೇಲೆ ತುಟಿಯ ಸುತ್ತ ಜುಮುಜುಮು, ಕಿವಿಯಲ್ಲಿ ಗುಂಯ್ ಅಂದರು. ತಕ್ಷಣ ಪಂಪ್ ನಿಲ್ಲಿಸಿದೆ. ಹತ್ತು ನಿಮಿಷದಲ್ಲಿ ಸರಿಹೋದರು, ನಾಮಕರಣದ ಊಟದ ಪಟ್ಟಿಯನ್ನೂ ಪೂರ್ತಿ ಹೇಳಿದರು. ಅಲ್ಲಿಗೆ ನಿಲ್ಲಿಸದಿದ್ದರೆ ಮುಂದೆ ಮಾತು ತೊದಲುತ್ತದೆ, ಸ್ನಾಯು ಅದುರುತ್ತದೆ, ಫಿಟ್ಸ್ ಬರಬಹುದು, ಹೃದಯವೂ ನಿಲ್ಲಬಹುದು. ಆ ಹೊತ್ತಿಗೆ ಬೇಕಾಗುವ ಮದ್ದು 20 ಪರ್ಸೆಂಟಿನ ಲಿಪಿಡ್ ಎಮಲ್ಷನ್, ಹಾಲಿನ ಹಾಗೆ ಬೆಳ್ಳಗಿರುವ ಕೊಬ್ಬಿನ ಬಾಟಲಿ. "ನಿಮ್ಮಲ್ಲಿ ಲಿಪಿಡ್ ಇದೆಯಾ?" ಎಂದು ನೀವು ಕೇಳಬೇಕು. ಕೇಳಿದ ಕೂಡಲೇ ಎದುರಿನವರ ಮುಖದಲ್ಲೇ ಉತ್ತರ ಕಾಣುತ್ತದೆ.

ಹೃದಯದಲ್ಲಿ ಬ್ಲಾಕ್ ಎಂದು ಹೇಳಿದವರಿಗೆ ಕೊಡುವುದಿಲ್ಲ. ಇಲ್ಲಿ ಬ್ಲಾಕ್ ಅಂದರೆ ವಿದ್ಯುತ್ತಿನ ದಾರಿಯ ಅಡ್ಡಿ, ಇಸಿಜಿಯಲ್ಲಿ ಕಾಣುವುದು. ಲಿವರ್ ಕೆಟ್ಟವರಿಗೆ, ಫಿಟ್ಸ್ ಇರುವವರಿಗೆ ತುಂಬಾ ಯೋಚಿಸಬೇಕಾಗುತ್ತದೆ.

ಸರಿ, ಇಷ್ಟೆಲ್ಲ ಮಾಡಿದರೆ ಗುಣ ಸಿಗುತ್ತದೆಯೇ? ಈ ಔಷಧ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಒಂದೂವರೆ, ಎರಡು ಗಂಟೆಯಲ್ಲಿ ಅರ್ಧ ಖಾಲಿ. ಆದರೂ ಕೆಲವರಿಗೆ ದಿನಗಟ್ಟಲೆ, ಅಪರೂಪಕ್ಕೆ ವಾರಗಟ್ಟಲೆ ಹಗುರ ಎನಿಸುತ್ತದೆ. ನಾನೇ ನೋಡಿದ್ದೇನೆ. ಆದರೆ ನಾನು ನೋಡಿದ್ದು ಪುರಾವೆ ಆಗುವುದಿಲ್ಲ. 2011ರಲ್ಲಿ ಬ್ರೆಜಿಲ್ಲಿನ ಡಾಕ್ಟರುಗಳು 30 ಫೈಬ್ರೊಮಯಾಲ್ಜಿಯಾ ರೋಗಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಎಲ್ಲರಿಗೂ ಈ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮಾತ್ರೆ. ಒಂದು ಗುಂಪಿಗೆ ವಾರಕ್ಕೊಂದರಂತೆ ನಾಲ್ಕು ವಾರ ಲಿಗ್ನೋಕೇನ್ ಡ್ರಿಪ್, ಇನ್ನೊಂದು ಗುಂಪಿಗೆ ಬರೀ ಸಲೈನ್, ಅಂದರೆ ಉಪ್ಪುನೀರು. ಯಾರಿಗೆ ಯಾವುದು ಎಂದು ರೋಗಿಗಳಿಗೆ ತಿಳಿಸಿರಲಿಲ್ಲ. ನೋವು ಎರಡೂ ಗುಂಪಿನಲ್ಲಿ ಇಳಿಯಿತು. ಉಪ್ಪುನೀರಿನವರಿಗಿಂತ ಲಿಗ್ನೋಕೇನಿನವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬೇರೆ ಕೆಲವು ಸಣ್ಣ ಅಧ್ಯಯನಗಳಲ್ಲಿ ಒಂದಿಷ್ಟು ಜನರಿಗೆ ಸ್ವಲ್ಪ ದಿನ ಅನುಕೂಲ ಆದದ್ದು ಇದೆ. ಬುಡಸಮೇತ ಹೋಯಿತು ಎನ್ನುವುದು ಎಲ್ಲೂ ಇಲ್ಲ. ನಾದಿನಿಗೆ ಹೇಳಿ, ಬುಡಸಮೇತ ಹೋಗುವ ಹಾಗಿದ್ದರೆ ಹತ್ತು ಡ್ರಿಪ್ಪಿನ ಪ್ಯಾಕೇಜ್ ಯಾಕೆ ಬೇಕಿತ್ತು?

ನನ್ನ ಮೂವರು ರೋಗಿಗಳ ಕತೆ ಹೇಳುತ್ತೇನೆ. ಒಬ್ಬರು ಮೀನು ಮಾರುವ ಹೆಂಗಸು. ತಲೆ ಮೇಲೆ ಬಂಗಡೆ ಬುಟ್ಟಿ ಹೊತ್ತು ಊರೂರು ತಿರುಗಿದವರು. ಮೊದಲ ಡ್ರಿಪ್ ಆದಮೇಲೆ ಒಂಬತ್ತು ದಿನ ಸುಖವಾಗಿ ನಿದ್ದೆ ಮಾಡಿದರು. ಆ ಒಂಬತ್ತು ದಿನದಲ್ಲಿ ನಾನು ಅವರಿಗೆ ದಿನಾ ಕಡಲಬದಿಯಲ್ಲಿ ನಡೆಯುವ ಅಭ್ಯಾಸ ಹಚ್ಚಿದೆ, ಮೊದಲ ದಿನ ಐದೇ ನಿಮಿಷ. ನೋವು ತಿರುಗಿ ಬಂತು, ಆದರೆ ನಡಿಗೆ ನಿಲ್ಲಲಿಲ್ಲ. ಒಟ್ಟು ಮೂರು ಡ್ರಿಪ್ ಹಾಕಿದೆವು, ಗುಣ ಕಂಡು ನಾಲ್ಕನೆಯದನ್ನು ಅವರೇ ಬೇಡವೆಂದರು. ಎರಡನೆಯವರು ಶಾಲೆಯ ಟೀಚರ್. ಎರಡು ಡ್ರಿಪ್, ಒಂದು ಕೂದಲೆಳೆಯಷ್ಟೂ ಗುಣ ಇಲ್ಲ. ಮೂರನೆಯವರ ಇಸಿಜಿ ನೋಡಿ ನಾನೇ ಹಾಕುವುದಿಲ್ಲ ಎಂದೆ. ಸಿಟ್ಟು ಮಾಡಿಕೊಂಡು ಹೋದರು. ಆರು ತಿಂಗಳ ಮೇಲೆ ಬಂದು, ಹೃದಯಕ್ಕೆ ಪೇಸ್‌ಮೇಕರ್ ಕೂರಿಸಿದರು ಎಂದು ಹೇಳಿ ಒಂದು ಹೆಡಿಗೆ ತೊಂಡೆಕಾಯಿ ಕೊಟ್ಟು ಹೋದರು.

ಮೀನಿನ ಅಕ್ಕನಿಗೆ ಗುಣ ಆದದ್ದು ಡ್ರಿಪ್ಪಿನಿಂದಲೋ, ನಡಿಗೆಯಿಂದಲೋ? ಡ್ರಿಪ್ ಒಂದು ಬಾಗಿಲು ತೆರೆಯಿತು, ಅವರು ಅದರೊಳಗೆ ಕಾಲಿಟ್ಟರು ಎಂದು ನನ್ನ ಲೆಕ್ಕ. ಟೀಚರಿಗೆ ಬಾಗಿಲೇ ತೆರೆಯಲಿಲ್ಲ. ಹಾಗಾಗಿ ಹಾಕಿಸಿಕೊಳ್ಳಲೇಬೇಕೆಂದು ಮನಸ್ಸಿದ್ದರೆ ಒಂದು ಹಾಕಿಸಿ. ಅದೂ ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯಲ್ಲಿ, ಅರಿವಳಿಕೆ ಡಾಕ್ಟರು ಪಕ್ಕದಲ್ಲೇ ಇರುವಾಗ. ಆಮೇಲೆ ಎರಡು ವಾರ ಕ್ಯಾಲೆಂಡರಿನ ಮೇಲೆ ದಿನಾ ಬರೆಯಿರಿ: ನೋವು ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ಎಷ್ಟು ನಿಮಿಷ ನಡೆದಿರಿ. ಅದನ್ನು ನೋಡಿ ಎರಡನೆಯದರ ಮಾತು. ಹಾಕಿಸಿಕೊಂಡ ದಿನ ದೇವಿಮನೆ ಘಟ್ಟದಲ್ಲಿ ಸ್ಕೂಟರ್ ಓಡಿಸಿಕೊಂಡು ಬರುವ ಸಾಹಸ ಬೇಡ, ಜೊತೆಗೆ ಯಾರಾದರೂ ಇರಲಿ.

ಅದಕ್ಕಿಂತ ಮೊದಲು, ನೀವು ಬಿಟ್ಟ ಮಾತ್ರೆಯ ವಿಷಯ. ಅಮೆರಿಕದ ಔಷಧ ಇಲಾಖೆ ಈ ಕಾಯಿಲೆಗೆಂದು ಪ್ರೀಗ್ಯಾಬಲಿನ್‌ಗೆ 2007ರಲ್ಲಿ, ಡ್ಯುಲಾಕ್ಸೆಟಿನ್‌ಗೆ 2008ರಲ್ಲಿ, ಮಿಲ್ನಾಸಿಪ್ರಾನ್‌ಗೆ 2009ರಲ್ಲಿ ಒಪ್ಪಿಗೆ ಕೊಟ್ಟಿದೆ. ಲಿಗ್ನೋಕೇನ್ ಡ್ರಿಪ್ಪಿಗೆ ಅಂಥ ಒಪ್ಪಿಗೆ ಇಲ್ಲ. ಕಾಲು ಊದುವುದು, ತೂಕಡಿಕೆ ಪ್ರೀಗ್ಯಾಬಲಿನ್ನಿನ ಗೊತ್ತಿರುವ ತೊಂದರೆಗಳೇ, ಬಹಳ ಸಲ ಡೋಸು ಇಳಿಸಿದರೆ ಕಡಿಮೆಯಾಗುತ್ತವೆ. ಇನ್ನು ಮೇಲೆ ಯಾವ ಮಾತ್ರೆಯನ್ನೂ ಒಂದೇ ಸಲಕ್ಕೆ ನಿಲ್ಲಿಸಬೇಡಿ. ರಾತ್ರಿ ಸಣ್ಣ ಡೋಸಿನ ಅಮಿಟ್ರಿಪ್ಟಿಲಿನ್ ನಿಮಗೆ ಆಗುತ್ತದೆಯೇ ಎಂದು ಹುಬ್ಬಳ್ಳಿಯ ಡಾಕ್ಟರನ್ನೇ ಕೇಳಿ. ಬ್ರೆಜಿಲ್ಲಿನಲ್ಲಿ ಎರಡೂ ಗುಂಪಿಗೆ ಕೊಟ್ಟದ್ದು ಅದನ್ನೇ, ಅಲ್ವಾ? ತೀರಾ ಅಗ್ಗದ ಮಾತ್ರೆ, ಅದಕ್ಕೆ ಪ್ಯಾಕೇಜ್ ಮಾಡಿ ಮಾರುವವರಿಲ್ಲ. ಥೈರಾಯ್ಡ್ ಪರೀಕ್ಷೆ ಆಗಿದೆಯೋ ಇಲ್ಲವೋ ಬರೆದಿಲ್ಲ, ಮಾಡಿಸಿ. ನೋವು ಶುರುವಾಗುವ ಮುಂಚೆ ಚಿಕೂನ್‌ಗುನ್ಯಾ ಬಂದಿತ್ತೇ ಎಂಬುದನ್ನೂ ಅವರಿಗೆ ಹೇಳಿ. ಅದು ಬಿಟ್ಟುಹೋಗುವ ಗಂಟುನೋವು ಬೇರೆ, ಅದರ ಚಿಕಿತ್ಸೆಯೂ ಬೇರೆ.

ಪ್ರಶ್ನೆ: ಮೇಡಂ, ನಾನು ಕಾರವಾರದಲ್ಲಿ ಕೆಲಸದಲ್ಲಿದ್ದೇನೆ. ತಾಯಿಗೆ 58, ಬಿಪಿ ಇದೆ, ಮಾತ್ರೆ ಒಂದು ದಿನ ತಗೊಂಡರೆ ಎರಡು ದಿನ ಮರೆಯುತ್ತಾರೆ. ಅವರಿಗೂ ಫೈಬ್ರೊಮಯಾಲ್ಜಿಯಾ. ಪರಿಚಯದವರು ಮುಂಬೈಗೆ ಕರೆತನ್ನಿ, ಕೆಟಮಿನ್ ಡ್ರಿಪ್ ಹಾಕಿಸೋಣ ಅನ್ನುತ್ತಿದ್ದಾರೆ. ಹುಡುಕಿ ನೋಡಿದರೆ ಕೆಟಮಿನ್ ಅಂದರೆ ಪಾರ್ಟಿಯಲ್ಲಿ ತೆಗೆದುಕೊಳ್ಳುವ ಮಾದಕ ವಸ್ತು ಎಂದಿದೆ. ಭಯವಾಯಿತು. ಏನು ಮಾಡಲಿ?

ಉತ್ತರ: ತಮ್ಮಾ, ಕೆಟಮಿನ್ ಬಗ್ಗೆ ಯಾರಾದರೂ ಕೆಟ್ಟ ಮಾತಾಡಿದರೆ ನನಗೆ ಸ್ವಲ್ಪ ಸಂಕಟ ಆಗುತ್ತದೆ. ಅದರ ಋಣ ನನ್ನ ಮೇಲಿದೆ. ಕರೆಂಟು ಹೋಗಿ, ಜನರೇಟರ್ ಕೆಮ್ಮುತ್ತಾ ನಿಂತ ಮಳೆಗಾಲದ ರಾತ್ರಿಗಳಲ್ಲಿ ಟಾರ್ಚ್ ಬೆಳಕಿನಲ್ಲಿ ಅರಿವಳಿಕೆಗೆ ಅದೊಂದೇ ಔಷಧ ನಂಬಿ ಕೆಲಸ ಮಾಡಿದ್ದೇನೆ. ಉಸಿರು ನಿಲ್ಲಿಸುವುದು ಅಪರೂಪ, ಬಿಪಿ ಬೀಳಿಸುವುದಿಲ್ಲ. 1962ರಲ್ಲಿ ಅಮೆರಿಕದಲ್ಲಿ ಕ್ಯಾಲ್ವಿನ್ ಸ್ಟೀವನ್ಸ್ ತಯಾರಿಸಿದ್ದು, 1970ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು, ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಬಳಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಅಮಲಿಗೆ ದುರುಪಯೋಗ ಆಗುತ್ತದೆ ಎನ್ನುವುದೂ ನಿಜ. ಅದಕ್ಕೇ ನಮ್ಮ ಆಸ್ಪತ್ರೆಯಲ್ಲಿ ಬೀಗ ಹಾಕಿದ ಕಪಾಟು, ಪ್ರತಿ ಬಾಟಲಿಗೂ ರಿಜಿಸ್ಟರಿನಲ್ಲಿ ಸಹಿ.

ನೋವಿನ ವಿಷಯಕ್ಕೆ ಬಂದರೆ, ಬೆನ್ನುಹುರಿಯಲ್ಲಿ ಎನ್‌ಎಂಡಿಎ ಎಂಬ ಗ್ರಾಹಕಗಳಿವೆ, ಅಂದರೆ ಸುದ್ದಿ ಹಿಡಿಯುವ ತಾಣಗಳು. ನೋವಿನ ಸುದ್ದಿ ಪದೇ ಪದೇ ಬಂದರೆ ಅವು ಅದನ್ನು ಏರಿಸುತ್ತಾ ಹೋಗುತ್ತವೆ. ಕೆಟಮಿನ್ ಅವಕ್ಕೆ ತಡೆ ಹಾಕುತ್ತದೆ. ಕೇಳಲು ಫೈಬ್ರೊಮಯಾಲ್ಜಿಯಾಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನೆದರ್‌ಲ್ಯಾಂಡ್ಸಿನಲ್ಲಿ 24 ರೋಗಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಅರ್ಧ ಜನಕ್ಕೆ ಅರ್ಧ ಗಂಟೆಯ ಕೆಟಮಿನ್ ಡ್ರಿಪ್, ಉಳಿದವರಿಗೆ ಮಂಪರು ಬರಿಸುವ ಮಿಡಜೋಲಾಮ್. ಡ್ರಿಪ್ ಮುಗಿದ ಹೊಸತರಲ್ಲಿ ಕೆಟಮಿನಿನವರಿಗೆ ನೋವು ಚೆನ್ನಾಗಿ ಇಳಿದಿತ್ತು. ಕೆಲವು ಗಂಟೆಗಳಲ್ಲಿ ಆ ವ್ಯತ್ಯಾಸ ಕರಗಿತು. ಎಂಟು ವಾರದ ಹೊತ್ತಿಗೆ ಎರಡೂ ಗುಂಪು ಒಂದೇ. ಕಾರವಾರದಿಂದ ಮುಂಬೈಗೆ ಕೊಂಕಣ ರೈಲಿನಲ್ಲಿ ಹೋಗಿ ಬರುವಷ್ಟು ಹೊತ್ತೂ ಉಳಿಯದ ಗುಣಕ್ಕೆ ಅಷ್ಟು ದೂರ ಹೋಗುವುದೇ?

ಇನ್ನು ನಿಮ್ಮ ತಾಯಿಯ ಬಿಪಿ. ಕೆಟಮಿನ್ ಬಿಪಿಯನ್ನೂ ನಾಡಿಯನ್ನೂ ಏರಿಸುತ್ತದೆ. ಮಾತ್ರೆ ಮರೆಯುವವರಿಗೆ ಇದು ಸಣ್ಣ ಮಾತಲ್ಲ. ಡ್ರಿಪ್ ಹೋಗುತ್ತಿರುವಾಗ ಮೈ ಬೇರೆ, ತಾನು ಬೇರೆ ಎಂದು ತೇಲಿದ ಹಾಗೆ ಅನಿಸಬಹುದು, ಏನೇನೋ ಕಾಣಬಹುದು. ಒಬ್ಬರು ನನಗೆ ಆಮೇಲೆ ಹೇಳಿದ್ದರು, ಫ್ಯಾನಿನ ಪಕ್ಕ ಕೂತು ಕೆಳಗೆ ಮಲಗಿದ ತನ್ನನ್ನೇ ನೋಡುತ್ತಿದ್ದೆ ಎಂದು. ಅವರಿಗೆ ಅದು ತಮಾಷೆ ಅನಿಸಿತು, ಎಲ್ಲರಿಗೂ ಹಾಗಲ್ಲ. ಮತ್ತೆ ಮತ್ತೆ ತೆಗೆದುಕೊಂಡರೆ ಲಿವರ್, ಮೂತ್ರಕೋಶಕ್ಕೂ ತೊಂದರೆ. ಮುಂಬೈ ಟಿಕೆಟ್ ಬುಕ್ ಮಾಡಿದ್ದರೆ ಕ್ಯಾನ್ಸಲ್ ಮಾಡಿ. ಮೊದಲು ಮಾತ್ರೆಯ ಡಬ್ಬಿ ತನ್ನಿ, ವಾರದ ಏಳು ಖಾನೆ ಇರುತ್ತದಲ್ಲ, ಅದು. ಪ್ರತಿ ಭಾನುವಾರ ನೀವೇ ತುಂಬಿಡಿ. ಬಿಪಿ ಹಿಡಿತಕ್ಕೆ ಬಂದಮೇಲೆ ಊರಲ್ಲೇ ಒಳ್ಳೆ ಫಿಸಿಶಿಯನ್ ಹತ್ತಿರ ನೋವಿನ ಮಾತ್ರೆ ಶುರು ಮಾಡಿಸಿ.

ಪ್ರಶ್ನೆ: ಅಂಕೋಲಾದಿಂದ ಬರೆಯುತ್ತಿದ್ದೇನೆ. ನಮ್ಮ ಪರಿಚಯದ ನರ್ಸ್ ಮನೆಗೇ ಬಂದು ನೋವಿನ ಡ್ರಿಪ್ ಹಾಕುತ್ತಾರೆ. ಗ್ಲೂಕೋಸ್ ಬಾಟಲಿಗೆ ಸೇರಿಸಿ ಹಾಕಿದರೆ ಶಕ್ತಿಯೂ ಬರುತ್ತದೆ ಅನ್ನುತ್ತಾರೆ. ಹಾಕಿಸಬಹುದೇ?

ಉತ್ತರ: ಬೇಡ. ಮಾನಿಟರ್ ಇಲ್ಲದೆ, ಅರಿವಳಿಕೆ ಡಾಕ್ಟರಿಲ್ಲದೆ, ಪಡಸಾಲೆಯ ಗೂಟಕ್ಕೆ ಬಾಟಲಿ ನೇತುಹಾಕಿ ಲಿಗ್ನೋಕೇನ್ ಬಿಡುವುದೆಂದರೆ ನನಗೆ ಕೇಳಿಯೇ ಎದೆ ಝಲ್ಲೆಂದಿತು. ಮೇಲಿನ ತಾಮ್ರದ ಚೊಂಬಿನ ಕತೆ ಓದಿ.

ಗ್ಲೂಕೋಸಿನ ಶಕ್ತಿಯ ಬಗ್ಗೆ ಹೇಳಿಬಿಡುತ್ತೇನೆ. "ಒಂದು ಬಾಟಲಿ ಹಾಕಿ ಡಾಕ್ಟ್ರೇ" ಎನ್ನುವ ಮಾತು ಕೇಳಿ ಕೇಳಿ ನನ್ನ ಕೂದಲು ಹಣ್ಣಾಯಿತು. 5 ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಒಂದು ದೊಡ್ಡ ಲೋಟ ಬೆಲ್ಲದ ಪಾನಕಕ್ಕೆ ಅದಕ್ಕಿಂತ ಜಾಸ್ತಿ ಸಿಹಿ ಹಾಕುತ್ತೀರಿ. ಪಾನಕ ಕುಡಿಯಿರಿ, ಸೂಜಿ ಬೇಕಾಗಿಲ್ಲ.

ಪ್ರಶ್ನೆ: ಕುಮಟಾ ಹತ್ತಿರದ ಹಳ್ಳಿಯವನು ನಾನು. ಹೆಂಡತಿಗೆ ಫೈಬ್ರೊಮಯಾಲ್ಜಿಯಾ ಎಂದು ಹೇಳಿದ್ದಾರೆ. ಒಂದು ದಿನ ಮನೆಯೆಲ್ಲ ಸಾರಿಸಿ ಗುಡಿಸಿ ಚೆನ್ನಾಗಿಯೇ ಓಡಾಡುತ್ತಾಳೆ, ಮರುದಿನದಿಂದ ಮೂರು ದಿನ ಹಾಸಿಗೆ. ರಿಪೋರ್ಟೆಲ್ಲ ನಾರ್ಮಲ್. ಇದು ಮನಸ್ಸಿನ ಕಾಯಿಲೆಯೋ? ತಪ್ಪು ತಿಳಿಯಬೇಡಿ, ಕೆಲಸ ತಪ್ಪಿಸಲು ಮಾಡುತ್ತಾಳೋ ಎಂದೂ ಒಮ್ಮೊಮ್ಮೆ ಅನಿಸುತ್ತದೆ. ನಿಮಗೆ ಗೊತ್ತಿರುವ ಡ್ರಿಪ್ ಏನಾದರೂ ಇದ್ದರೆ ಹೇಳಿ.

ಉತ್ತರ: ತಪ್ಪು ತಿಳಿಯಲಿಲ್ಲ. ಬೇರೆಯವರು ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ನೀವು ಕಾಗದದಲ್ಲಿ ಬರೆದಿರಿ, ಅಷ್ಟೇ. ಕೆಲಸ ತಪ್ಪಿಸುವವರು ಮನೆಯೆಲ್ಲ ಸಾರಿಸಿ ಗುಡಿಸುವುದಿಲ್ಲ ಸ್ವಾಮಿ.

ಈ ಕಾಯಿಲೆ ಗುರುತಿಸಲು ರಕ್ತ ಪರೀಕ್ಷೆ ಇಲ್ಲ. 1990ರಲ್ಲಿ ಅಮೆರಿಕದ ಕೀಲುರೋಗ ತಜ್ಞರು ಮೈಮೇಲೆ 18 ಬಿಂದು ಗುರುತಿಸಿ, ಒತ್ತಿದಾಗ 11 ಕಡೆಯಾದರೂ ನೋಯಬೇಕು ಎಂದಿದ್ದರು. 2010ರ ಹೊತ್ತಿಗೆ ಬೆರಳಿನಿಂದ ಒತ್ತುವುದನ್ನು ಬಿಟ್ಟು ಕೇಳಿ ತಿಳಿಯುವ ಕ್ರಮ ಬಂತು. ಎಲ್ಲೆಲ್ಲಿ ನೋವು, ಎಷ್ಟು ಸುಸ್ತು, ನಿದ್ದೆ ಮಾಡಿ ಎದ್ದರೂ ದಣಿವು ಹೋಗಿದೆಯೇ, ಮರೆವು ಇದೆಯೇ, ಇವು ಕನಿಷ್ಠ ಮೂರು ತಿಂಗಳಿಂದ ಇವೆಯೇ. ಅಂದರೆ ರೋಗಿಯ ಮಾತೇ ರಿಪೋರ್ಟು. ನೀವು ಹೆಂಡತಿಯ ಮಾತು ನಂಬದಿದ್ದರೆ ಇದ್ದ ಒಂದು ರಿಪೋರ್ಟನ್ನೂ ಹರಿದು ಹಾಕಿದ ಹಾಗೆ. ಬೇಜಾರು, ಚಿಂತೆ ಜೊತೆಯಲ್ಲಿ ಇರಬಹುದು. ಆರು ವರ್ಷ ಮೈ ನೋಯುತ್ತಿದ್ದರೆ ನಿಮಗೂ ಬರುತ್ತದೆ.

ಡ್ರಿಪ್ ಸದ್ಯಕ್ಕೆ ಬೇಡ, ಯಾಕೆ ಎಂಬುದನ್ನು ಶಿರಸಿಯ ತಂಗಿಗೆ ಬರೆದಿದ್ದೇನೆ. ಯುರೋಪಿನ ಕೀಲುರೋಗ ತಜ್ಞರ ಒಕ್ಕೂಟ ಎಲ್ಲ ಅಧ್ಯಯನಗಳನ್ನು ಜಾಲಾಡಿ, ಫೈಬ್ರೊಮಯಾಲ್ಜಿಯಾಕ್ಕೆ ಏನು ಮಾಡಬೇಕೆಂದು ಸಲಹೆ ಕೊಟ್ಟಿದೆ. 'ಖಂಡಿತ ಮಾಡಿ' ಎಂದು ಗಟ್ಟಿಯಾಗಿ ಹೇಳಿದ್ದು ಒಂದನ್ನೇ, ವ್ಯಾಯಾಮ. ಮಾತ್ರೆಗಳಿಗೆಲ್ಲ 'ಬೇಕಾದರೆ ನೋಡಬಹುದು' ಎನ್ನುವ ಧಾಟಿ. ಸ್ಟೀರಾಯ್ಡ್ ಬೇಡ ಎಂದಿದ್ದಾರೆ, ಬಲವಾದ ಅಫೀಮು ಜಾತಿಯ ನೋವಿನ ಮದ್ದೂ ಬೇಡ ಎಂದಿದ್ದಾರೆ. ಎಲ್ಲಾದರೂ ಮೈನೋವಿಗೆಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸುತ್ತಿದ್ದರೆ ಡಾಕ್ಟರನ್ನು ಕೇಳಿ ನಿಲ್ಲಿಸಿ.

ವ್ಯಾಯಾಮ ಎಂದರೆ ಜಿಮ್ಮೂ ಅಲ್ಲ, ಮನೆಗೆಲಸವೂ ಅಲ್ಲ. ಗಂಡಸರು ನನಗೆ ಯಾವಾಗಲೂ ಹೇಳುವುದು, "ದಿನವಿಡೀ ಓಡಾಡ್ತಾಳಲ್ಲ ಡಾಕ್ಟ್ರೇ" ಎಂದು. ಬಗ್ಗಿ ಗುಡಿಸುವುದು, ಕೊಡ ಎತ್ತುವುದು ಬೇರೆ. ಕೈ ಬೀಸಿಕೊಂಡು ಒಂದೇ ಹದದಲ್ಲಿ ನಡೆಯುವುದು ಬೇರೆ. ಐದು ನಿಮಿಷದಿಂದ ಶುರುವಾಗಲಿ. ವಾರಕ್ಕೆ ಒಂದೋ ಎರಡೋ ನಿಮಿಷ ಏರಿಸಿ. ಮೊದಲ ಎರಡು ಮೂರು ವಾರ ನೋವು ಸ್ವಲ್ಪ ಹೆಚ್ಚಾಗಬಹುದು, ಆಗ ನಿಲ್ಲಿಸದೆ ಹೊತ್ತು ಕಡಿಮೆ ಮಾಡಿ. ನಾನು ಬೆಳಿಗ್ಗೆ ವನ್ನಳ್ಳಿ ಕಡಲಬದಿಗೆ ಹೋಗುತ್ತೇನೆ. ಅಲೆ ಹಿಂದೆ ಸರಿದಾಗ ಗಟ್ಟಿಯಾಗಿರುವ ಒದ್ದೆ ಮರಳಿನ ಮೇಲೆ ನಡೆದರೆ ಹಿಮ್ಮಡಿಗೆ ಹಿತ. ಮೇಲಿನ ಒಣ ಮರಳು ಬೇಡ, ಕಾಲು ಹೂತು ಪಿಂಡಿಗೆ ನೋವು ಬರುತ್ತದೆ.

ಇನ್ನು ಆ 'ಒಂದು ದಿನ ಚೆನ್ನಾಗಿ, ಮೂರು ದಿನ ಹಾಸಿಗೆ'. ಇದು ಈ ಕಾಯಿಲೆಯ ಗುಟ್ಟು, ಚೌತಿ ಬಂದಾಗ ನಮ್ಮ ಕಡೆ ಎದ್ದು ಕಾಣುತ್ತದೆ. ಮೈ ಹಗುರ ಇದೆ ಎಂದು ಒಂದೇ ದಿನ ಕೂತು ಚಕ್ಕುಲಿ, ಕರ್ಜಿಕಾಯಿ ಎಲ್ಲ ಮುಗಿಸುತ್ತಾರೆ. ಹಬ್ಬದ ದಿನ ಎದ್ದು ಕೂರಲು ಆಗುವುದಿಲ್ಲ. ಒಳ್ಳೆ ದಿನವೇ ಅವರಿಗೆ ಜಾಸ್ತಿ ಅಪಾಯ. ಅವತ್ತು ಅವರು ಎಷ್ಟು ಮಾಡಬಲ್ಲರೋ ಅದರ ಅರ್ಧಕ್ಕೆ ನಿಲ್ಲಿಸಬೇಕು, ಕೆಟ್ಟ ದಿನವೂ ಪೂರ್ತಿ ಮಲಗದೆ ಸ್ವಲ್ಪ ನಡೆಯಬೇಕು. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಬೆನ್ನು ಒರಗಿಸಿ ಕೂರುವುದು. ಗಡಿಯಾರ ನೋಡಿ ನೆನಪಿಸುವ ಕೆಲಸ ನಿಮ್ಮದು. ಹೆಂಡತಿ "ಇನ್ನೊಂದು ಸ್ವಲ್ಪ ಇದೆ, ಮುಗಿಸಿಬಿಡ್ತೇನೆ" ಅನ್ನುತ್ತಾರೆ. ಆಗ ಚಕ್ಕುಲಿ ಒರಳನ್ನು ಅವರ ಕೈಯಿಂದ ತೆಗೆದುಕೊಂಡು ನೀವು ಒತ್ತಬೇಕು. ಒರಳು ತಿರುಗಿಸಲು ಹೆಗಲಿನ ಬಲ ಎಷ್ಟು ಬೇಕು ಎಂಬುದು ನಾಲ್ಕನೇ ಚಕ್ಕುಲಿಗೆ ತಿಳಿಯುತ್ತದೆ. ಬಾವಿ ನೀರು ಸೇದುವುದೂ ನಾಳೆಯಿಂದ ನೀವೇ.